ಚೋಮ ನಿಂತ ಜಾಗ

'ಚೋಮನ ದುಡಿ' ಓದಿ ಮರುಗದವರು ಕಡಿಮೆ. ನಮಗೆ ಪಾಠ ಹೇಳಿದ ಮೇಷ್ಟ್ರೂ ಮರುಗಿದರು. 'ವಿಧಿ' ಅಂದರು, 'ದುರಂತ' ಅಂದರು, ಗಂಟೆ ಹೊಡೀತು. ಕಾರಂತರ ಈ ಕಾದಂಬರಿ ಬಂದದ್ದು 1933ರಲ್ಲಿ. ಅದರೊಳಗೆ ವಿಧಿ ಎಲ್ಲಿದೆಯೋ ನನಗಂತೂ ಕಾಣಲಿಲ್ಲ. ಇರೋದು ಕಟ್ಟಳೆ.

ಕಟ್ಟಳೆಯನ್ನ ಬರೆದು ಕೊಟ್ಟರೆ ಹೇಗಿರುತ್ತೆ? ಅಂಬೇಡ್ಕರರು 1936ರ 'ಜಾತಿ ವಿನಾಶ'ದಲ್ಲಿ 1928ರ ಒಂದು ಪತ್ರಿಕಾ ವರದಿಯನ್ನ ಮುಂದಿಡುತ್ತಾರೆ. ಇಂದೋರ್ ಜಿಲ್ಲೆಯ ಬಿಚೋಲಿ-ಹಫ್ಸಿ, ಬಿಚೋಲಿ-ಮರ್ದಾನಾ ಮತ್ತಿತರ ಹಳ್ಳಿಗಳ ಸವರ್ಣರು, ಪಟೇಲ-ಪಟವಾರಿಗಳು ಸೇರಿ ಬಲಾಯಿ ಜಾತಿಯವರಿಗೆ ವಿಧಿಸಿದ ಷರತ್ತುಗಳವು. ಜರಿಯಂಚಿನ ರುಮಾಲು ಸುತ್ತಬಾರದು. ಬಣ್ಣದಂಚಿನ ಧೋತರ ಉಡಬಾರದು. ಹೆಂಗಸರು ಬೆಳ್ಳಿ-ಬಂಗಾರ ಹಾಕಬಾರದು. ಸವರ್ಣರ ಮನೇಲಿ ಸಾವಾದರೆ ಎಷ್ಟು ದೂರವಾದರೂ ನೆಂಟರಿಗೆ ಸುದ್ದಿ ಮುಟ್ಟಿಸಬೇಕು, ಮದುವೆಯಾದರೆ ವಾದ್ಯ ಊದಬೇಕು, ಅವರ ಹೆಂಗಸರ ಹೆರಿಗೆಗೆ ಹೋಗಬೇಕು. ಕೂಲಿ ಕೇಳಬಾರದು, ಕೊಟ್ಟಷ್ಟು ಇಸ್ಕೋಬೇಕು. ಒಪ್ಪದಿದ್ದರೆ ಊರು ಬಿಡಬೇಕು.

ಯಾರೂ ಉಡದ ಧೋತರವನ್ನ ಯಾರು ತಾನೇ ಬೇಡ ಅಂತಾರೆ? ಬಲಾಯಿಗಳು ಉಟ್ಟಿದ್ದರು, ಅದಕ್ಕೇ ಷರತ್ತು ಬಂತು. ಅವರು ಒಪ್ಪಲಿಲ್ಲ. ಬಾವಿ ಮುಚ್ಚಿತು, ದನ ಮೇಯಿಸೋದು ನಿಂತಿತು. ದರ್ಬಾರಿಗೆ ಅರ್ಜಿ ಕೊಟ್ಟರೂ ಹೊತ್ತಿಗೆ ನೆರವು ಸಿಗಲಿಲ್ಲ. ನೂರಾರು ಜನ ಹೆಂಡಿರು ಮಕ್ಕಳ ಸಮೇತ ಧಾರ್, ದೇವಾಸ್, ಭೋಪಾಲ್, ಗ್ವಾಲಿಯರ್ ಕಡೆ ಗುಳೆ ಹೋದರು.

ಈಗ ಸಂಕಪ್ಪಯ್ಯನ ಅಂಗಳಕ್ಕೆ ಬನ್ನಿ. ಇಲ್ಲಿ ಬರಹವಿಲ್ಲ, ಬೇಕಾಗೂ ಇಲ್ಲ. ಎಲ್ಲಿ ನಿಲ್ಲಬೇಕು, ಎಷ್ಟು ಬಗ್ಗಬೇಕು ಅನ್ನೋದು ಚೋಮನ ಮೊಣಕಾಲಿಗೇ ಗೊತ್ತು. ಜೋಡೆತ್ತು ಸಾಕಿರೋ ಆಳು ಉಳೋದಕ್ಕೆ ತುಂಡು ನೆಲ ಕೇಳುತ್ತಾನೆ. ಸಂಕಪ್ಪಯ್ಯ ಕೆಟ್ಟವನೇನಲ್ಲ, ಮನಸ್ಸೂ ಕರಗುತ್ತೆ. ಆದರೆ ಅವನ ತಾಯಿ ಅಡ್ಡ ನಿಲ್ಲುತ್ತಾಳೆ. ಧಣಿಯನ್ನೂ ಕಟ್ಟಳೆ ಕಟ್ಟಿಹಾಕಿದೆ ಅನ್ನೋದನ್ನ ಕಾರಂತರು ಚೆನ್ನಾಗಿ ಕಂಡಿದ್ದಾರೆ. ಅದನ್ನ ಒಪ್ಪದಿದ್ದರೆ ನಾನು ಸುಳ್ಳು ವಿಮರ್ಶಕ. (ಆದರೆ ಕಟ್ಟಿಹಾಕಿಸಿಕೊಂಡ ಧಣಿ ಉಣ್ತಾನೆ, ಆಳು ಹಸೀತಾನೆ. ಇದನ್ನೂ ಜೊತೆಗೇ ಹೇಳಬೇಕು.)

ನನ್ನ ತಕರಾರು ಮಕ್ಕಳ ವಿಷಯದಲ್ಲಿ. ಚನಿಯ ಘಟ್ಟದ ಜ್ವರಕ್ಕೆ ಸತ್ತ, ನೀಲ ಹೊಳೇಲಿ ಮುಳುಗಿದ: ಇವು ಸಾವುಗಳೇ. ಬೆಳ್ಳಿ ದುಡಿಯಲು ಹೋದ ತೋಟದಲ್ಲಿ ಸಾಲ ತೀರೋದು ಅವಳ ಮೈಯಿಂದ; ಅಲ್ಲಿ ಧಣಿ ಬದಲಾದ, ಕಟ್ಟಳೆ ಬದಲಾಗಲಿಲ್ಲ. ಆದರೆ ಗುರುವ? ಅವನು ಕ್ರಿಶ್ಚಿಯನ್ ಹುಡುಗಿಯನ್ನ ಮದುವೆಯಾಗಿ ಘಟ್ಟದಲ್ಲೇ ಉಳೀತಾನೆ. ಅಪ್ಪನ ಹಾಗೆ ಆ ಅಂಗಳದಲ್ಲಿ ಬಗ್ಗಿ ನಿಲ್ಲೋ ಪಾಳಿ ಅವನಿಗಿನ್ನಿಲ್ಲ. ಕಾದಂಬರಿ ಇದನ್ನೂ ಚೋಮನ ನಷ್ಟದ ಲೆಕ್ಕಕ್ಕೇ ಬರೆಯುತ್ತೆ, ವಿಮರ್ಶಕರೂ ಹಾಗೇ ಬರೆದುಕೊಂಡರು. ಊರು ಬಿಟ್ಟ ಬಲಾಯಿಗಳ ಪಕ್ಕ ಗುರುವನನ್ನ ನಿಲ್ಲಿಸಿ ನೋಡಿ. ಅವನ ಕಥೆ ಅಲ್ಲಿಂದ ಶುರುವಾಗಬೇಕಿತ್ತು. ಕಾರಂತರು ಅವನ ಹಿಂದೆ ಘಟ್ಟ ಹತ್ತಲಿಲ್ಲ, ದುಡಿಯ ಸದ್ದು ಕೇಳುತ್ತಾ ಕೆಳಗೇ ಉಳಿದರು.