ಟನ್ನಿನ ಲೆಕ್ಕ, ಊರಿನ ಗಾಳಿ

ಚೆನ್ನೈಯ ಉತ್ತರ ದಿಕ್ಕಿನ ಮಣಲಿಯಲ್ಲಿ 1969ರಲ್ಲಿ ವರ್ಷಕ್ಕೆ 25 ಲಕ್ಷ ಟನ್ ಕಚ್ಚಾತೈಲವನ್ನು ಶುದ್ಧೀಕರಿಸುವ ಶಕ್ತಿಯೊಡನೆ ಕೆಲಸಕ್ಕಿಳಿದ ಮದರಾಸು ರಿಫೈನರಿಯು, ಇಂದು ಚೆನ್ನೈ ಪೆಟ್ರೋಲಿಯಂ ಎಂಬ ನಾಮಾಂತರದಿಂದ 105 ಲಕ್ಷ ಟನ್ನುಗಳ ಸಾಮರ್ಥ್ಯವನ್ನು ಪಡೆದಿದೆ. ಅದರ ನೆರೆಯಲ್ಲಿ ಮದರಾಸು ಫರ್ಟಿಲೈಸರ್ಸ್, ಅದರಾಚೆ ಪೆಟ್ರೋರಾಸಾಯನಿಕದ ಕಾರ್ಖಾನೆಗಳು. ಉದ್ಯಮಗಳ ಇಂಧನ ಮಿತವ್ಯಯಕ್ಕಾಗಿ ನಮ್ಮ ಸರ್ಕಾರ ರೂಪಿಸಿದ 'ಪ್ಯಾಟ್' ಯೋಜನೆಯ ಗುಣದೋಷಗಳನ್ನು ತೂಗಿ ನೋಡುವುದಕ್ಕೆ ಇದಕ್ಕಿಂತ ಉಚಿತವಾದ ಸ್ಥಳ ವಿರಳ.

2001ರ ಇಂಧನ ಸಂರಕ್ಷಣಾ ಕಾಯಿದೆಯ ಆಶ್ರಯದಲ್ಲಿ ಹುಟ್ಟಿದ ಈ ಯೋಜನೆ, ಒಂದು ಟನ್ ಉತ್ಪನ್ನಕ್ಕೆ ಎಷ್ಟು ಇಂಧನ ವ್ಯಯವಾಯಿತೆಂಬುದನ್ನು ಅಳೆದು, ಗುರಿಯನ್ನು ಮೀರಿ ಉಳಿಸಿದವರಿಗೆ ಮಾರಬಹುದಾದ ಪತ್ರಗಳನ್ನು ಕೊಡುತ್ತದೆ. ಗುರಿ ಮುಟ್ಟದವರು ಅವನ್ನು ಕೊಳ್ಳಬೇಕು. 2012ರಿಂದ 2015ರವರೆಗಿನ ಮೊದಲ ಆವರ್ತದಲ್ಲಿ ರಸಗೊಬ್ಬರವೂ ಸೇರಿ 8 ಉದ್ಯಮಗಳ 478 ಘಟಕಗಳಿಗೆ ಗೊತ್ತುಮಾಡಿದ ಉಳಿತಾಯ ಸುಮಾರು 67 ಲಕ್ಷ ಟನ್ ತೈಲಕ್ಕೆ ಸಮಾನವಾಗಿದ್ದರೆ, ಸಾಧಿತವಾದದ್ದು 87 ಲಕ್ಷ ಟನ್. ಇದನ್ನು ವಿಜಯವೆಂದು ಘೋಷಿಸಿದರು. ಗುರಿಯೇ ಸಡಿಲವಾಗಿತ್ತೆಂದು ನನಗೆ ತೋರುತ್ತದೆ. ಏಕೆಂದರೆ 2017ರಲ್ಲಿ ಸಂತೆ ತೆರೆದಾಗ ಮಾರುವವರ ಕೈಯಲ್ಲಿ ಸುಮಾರು 38 ಲಕ್ಷ ಪತ್ರಗಳು, ಕೊಳ್ಳಲೇಬೇಕಾದವರ ಅಗತ್ಯ 14 ಲಕ್ಷ ಮಾತ್ರ.

ತೈಲ ಶುದ್ಧೀಕರಣಾಗಾರಗಳು ಎರಡನೆಯ ಆವರ್ತದಲ್ಲಿ, 2016ರಲ್ಲಿ, ಸೇರಿಕೊಂಡವು. ಆದರೆ ಮಣಲಿಯ ಜನರು ಉಸಿರಾಡುವುದು ಟನ್ನಿಗಿಷ್ಟೆಂಬ ಪ್ರಮಾಣವನ್ನಲ್ಲ, ಎಲ್ಲ ಕುಲುಮೆಗಳ ಒಟ್ಟು ಹೊಗೆಯನ್ನು. ಸೇರು ಅಕ್ಕಿಗೆ ಸೌದೆಯನ್ನು ಮಿತಗೊಳಿಸಿದ ಗೃಹಿಣಿಯೂ ಮದುವೆಯ ಅಡುಗೆಗೆ ನಿಂತರೆ ಮನೆಯೆಲ್ಲ ಹೊಗೆಯಾಗುವುದು ತಪ್ಪದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮಗ್ರ ಸೂಚ್ಯಂಕದಲ್ಲಿ 2009ರಲ್ಲಿ 76.32 ಅಂಕ ಪಡೆದು ತೀವ್ರ ಮಲಿನ ಪ್ರದೇಶವೆನಿಸಿದ ಮಣಲಿ, 2018ರಲ್ಲಿ 84.15 ಪಡೆಯಿತು. ನಡುವೆ ಅಳತೆಯ ಕ್ರಮವೇ ಬದಲಾದುದರಿಂದ ಈ ಎರಡನ್ನು ನೇರವಾಗಿ ಹೋಲಿಸಲಾಗದು. ಆದರೂ 70ನ್ನು ದಾಟಿದರೆ ತೀವ್ರವೆಂಬ ಗೆರೆಯನ್ನು ಊರು ಎರಡು ಸಲವೂ ಮೀರಿದ್ದುಂಟು.

ಇನ್ನೊಂದು ತೊಡಕು ಸೂಕ್ಷ್ಮವಾದುದು. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ನಿಯಮದಂತೆ ಡೀಸೆಲ್ಲಿನ ಗಂಧಕವನ್ನು ತೆಗೆಯಬೇಕಾದರೆ ಶುದ್ಧೀಕರಣಾಗಾರದಲ್ಲಿ ಜಲಜನಕವೂ ಶಾಖವೂ ಹೆಚ್ಚಾಗಿ ಬೇಕು: ದೇಶದ ರಸ್ತೆಗಳಿಗೆ ಬಂದ ನಿರ್ಮಲತೆಯ ಒಂದಂಶದ ಬೆಲೆಯನ್ನು ಮಣಲಿಯ ಚಿಮಣಿಗಳು ತೆರುತ್ತವೆ. ಪರಿಸರ ನಿಯಮಕ್ಕಾಗಿ ಹೂಡಿದ ಯಂತ್ರಗಳು ನುಂಗುವ ಇಂಧನವನ್ನು ಪ್ಯಾಟ್ ಲೆಕ್ಕದಿಂದ ಕಳೆಯುತ್ತದೆಂಬುದು ಉದ್ಯಮಕ್ಕೆ ನ್ಯಾಯವೇ ಸರಿ, ಆದರೆ ಕಳೆದ ಇಂಧನವೂ ಉರಿದದ್ದೇ.

ನಿಜವಾದ ಪರಿವರ್ತನೆಗೆ ಉದಾಹರಣೆ ಬೇಕೆಂದರೆ ರಸಗೊಬ್ಬರ ಕಾರ್ಖಾನೆಯನ್ನು ನೋಡಬೇಕು. ನಾಫ್ತಾವನ್ನೇ ನಂಬಿದ್ದ ಅದು, ಎಣ್ಣೂರಿನ ದ್ರವೀಕೃತ ಅನಿಲದ ತಂಗುದಾಣ ಸಿದ್ಧವಾದ 2019ರಲ್ಲಿ ನೈಸರ್ಗಿಕ ಅನಿಲಕ್ಕೆ ಹೊರಳಿತು. ಪತ್ರಗಳ ವ್ಯಾಪಾರಕ್ಕಿಂತ ಒಂದು ಕೊಳವೆಮಾರ್ಗ ಮಾಡಿದ ಉಪಕಾರ ದೊಡ್ಡದೆಂದು ನನ್ನ ಮತ.

2023ರ ಇಂಗಾಲ ಪತ್ರ ವ್ಯಾಪಾರ ಯೋಜನೆಯಲ್ಲಿಯೂ ಛೇದಸ್ಥಾನದಲ್ಲಿ ಅದೇ ಟನ್ನೇ ಕುಳಿತಿದೆ. ಮಾಲಿನ್ಯ ಮಂಡಳಿಯು ಕಾರ್ಖಾನೆಗೆ ಸಮ್ಮತಿಪತ್ರವನ್ನು ನವೀಕರಿಸುವಾಗ ಇಂಧನ ಲೆಕ್ಕಪರಿಶೋಧನೆಯ ಅಂಕಿಗಳನ್ನೂ, ಆ ವರ್ಷದ ಒಟ್ಟು ಹೊಗೆಯನ್ನೂ ಒಂದೇ ಹಾಳೆಯಲ್ಲಿ ಬರೆಯಿಸಿ, ಆ ಹಾಳೆಯನ್ನು ಮಣಲಿಯ ನಿವಾಸಿಗಳು ಓದಬಲ್ಲ ತಮಿಳಿನಲ್ಲಿ ಪ್ರಕಟಿಸುವುದು ಇಂಥ ಪತ್ರ ವ್ಯಾಪಾರಕ್ಕಿಂತ ಅಗ್ಗದ ಸುಧಾರಣೆ.