ಈಡಿನ ದೂರ: ಕೂಪರನ ಕಾದಂಬರಿಗಳಲ್ಲಿ ಕೋವಿಯೂ ಜಿಂಕೆಯೂ

ಅಮೆರಿಕದ ಕಾದಂಬರಿಕಾರ ಜೇಮ್ಸ್ ಫೆನಿಮೋರ್ ಕೂಪರನ (1789–1851) ಹೆಸರನ್ನೆತ್ತಿದೊಡನೆಯೆ ನಮ್ಮ ವಿದ್ಯಾವಂತರಲ್ಲಿ ಹಲವರಿಗೆ ನೆನಪಾಗುವುದು ಅವನ ಕೃತಿಗಳಲ್ಲ, ಆ ಕೃತಿಗಳನ್ನು ಕುರಿತು ಮಾರ್ಕ್ ಟ್ವೈನನು ಮಾಡಿದ ಅಪಹಾಸ್ಯ. 1895ರಲ್ಲಿ ‘ನಾರ್ತ್ ಅಮೆರಿಕನ್ ರಿವ್ಯೂ’ ಪತ್ರಿಕೆಯಲ್ಲಿ ಅಚ್ಚಾದ ಆ ಲೇಖನ ಎಷ್ಟು ಸೊಗಸಾಗಿದೆಯೆಂದರೆ, ಅದನ್ನು ಓದಿದವನಿಗೆ ಕೂಪರನನ್ನು ಓದುವ ಅಗತ್ಯವೇ ಕಾಣದೆ ಹೋಗುತ್ತದೆ. ವಿಮರ್ಶೆಯೊಂದು ತನ್ನ ವಿಷಯವನ್ನೇ ನುಂಗಿಬಿಟ್ಟ ಉದಾಹರಣೆ ಇದು. ಟ್ವೈನನು ಎತ್ತಿದ ಆಕ್ಷೇಪಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಪರಿಶೀಲಿಸುವುದು ನನ್ನ ಉದ್ದೇಶ: ಕೂಪರನ ನಾಯಕನು ಹಾರಿಸುವ ಈಡುಗಳ ದೂರ.

‘ದಿ ಪಾತ್‌ಫೈಂಡರ್’ (1840) ಕಾದಂಬರಿಯಲ್ಲಿ ಒಂದು ಗುರಿಸ್ಪರ್ಧೆ ಬರುತ್ತದೆ. ದೂರ 100 ಗಜ. ಹಲಗೆಯಲ್ಲಿರುವ ಮೊಳೆಯನ್ನು ಗುಂಡಿನಿಂದಲೇ ಹೊಡೆದು ಒಳಗಿಳಿಸಬೇಕು. ನಾಯಕ ನ್ಯಾಟಿ ಬಂಪೊ ಅದನ್ನು ಮಾಡಿ ತೋರಿಸುತ್ತಾನೆ. ಅಷ್ಟು ದೂರದಲ್ಲಿ ಮೊಳೆಯ ತಲೆ ಯಾರ ಕಣ್ಣಿಗಾದರೂ ಕಂಡೀತೆ ಎಂಬುದು ಟ್ವೈನನ ಪ್ರಶ್ನೆ. ಪ್ರಶ್ನೆ ನ್ಯಾಯವಾದದ್ದೇ. ಸಾಮಾನ್ಯ ಮನುಷ್ಯನ ಕಣ್ಣು 100 ಗಜದಾಚೆ ಸುಮಾರು ಒಂದಂಗುಲಕ್ಕಿಂತ ಕಿರಿದಾದ ಅಂತರವನ್ನು ಬೇರ್ಪಡಿಸಿ ಗುರುತಿಸಲಾರದು. ಮೇಲಾಗಿ ನಳಿಗೆಯ ತುದಿಯ ಗುರಿಯಲಗೇ ಅಂಥ ಮೊಳೆಯನ್ನು ಪೂರ್ತಿಯಾಗಿ ಮರೆಮಾಡುತ್ತದೆ. ಆದ್ದರಿಂದ ಈ ಪ್ರಸಂಗದಲ್ಲಿ ಕೂಪರನ ಪರವಾಗಿ ವಾದಿಸುವುದು ವ್ಯರ್ಥ. ಆದರೆ ಟ್ವೈನನು ಸ್ಪರ್ಧೆಯ ಹಲಗೆಯನ್ನು ನೋಡಿದಷ್ಟು ಗಮನವಿಟ್ಟು ಜಿಂಕೆಯನ್ನು ನೋಡಲಿಲ್ಲ. ಜೀವದ ಮೇಲೆ ಗುರಿಯಿಡುವಾಗ ಕೂಪರನ ಗಜಕೋಲು ಬೇರೆಯೇ ಆಗುತ್ತದೆ ಎಂಬುದನ್ನು ಅವನು ಹೇಳಲಿಲ್ಲ.

ಅದನ್ನು ವಿವರಿಸುವ ಮೊದಲು ಆ ಕೋವಿಯ ಸ್ವರೂಪವನ್ನು ತಿಳಿದುಕೊಳ್ಳಬೇಕು; ಸಾಹಿತ್ಯದ ವಾಚಕರು ಸ್ವಲ್ಪ ತಾಳ್ಮೆ ವಹಿಸಬೇಕು. ಬಂಪೊ ಹಿಡಿದದ್ದು ಉದ್ದನಳಿಗೆಯ, ಬಾಯಿಂದ ಮದ್ದು ತುಂಬುವ ಕೋವಿ. ಪೆನ್ಸಿಲ್ವೇನಿಯದಲ್ಲಿ ನೆಲೆಸಿದ ಜರ್ಮನ್ ಕಮ್ಮಾರರು 18ನೆಯ ಶತಮಾನದಲ್ಲಿ ಇದನ್ನು ರೂಪಿಸಿದರು. ನಳಿಗೆಯ ಒಳಮೈಯಲ್ಲಿ ತಿರುಚಿದ ಗೀರುಗಳಿವೆ. ಸೀಸದ ದುಂಡನೆಯ ಗುಂಡನ್ನು ಕೊಬ್ಬು ಸವರಿದ ಬಟ್ಟೆಯ ತುಣುಕಿನಲ್ಲಿ ಸುತ್ತಿ ಸಲಾಕೆಯಿಂದ ಜಡಿಯಬೇಕು. ಹೊರಡುವಾಗ ಗುಂಡು ಆ ಗೀರುಗಳನ್ನನುಸರಿಸಿ ಸುತ್ತುತ್ತ ಹೊರಡುತ್ತದೆ, ಆದ್ದರಿಂದ ನೇರವಾಗಿ ಹೋಗುತ್ತದೆ. ನುಣುಪು ನಳಿಗೆಯ ಕೋವಿಗೆ ಈ ಅನುಕೂಲವಿಲ್ಲ. ಅಮೆರಿಕದ ಯುದ್ಧದಲ್ಲಿ ಬ್ರಿಟಿಷರ ಕಡೆ ಕಾದಿದ ಜಾರ್ಜ್ ಹ್ಯಾಂಗರನು 1814ರಲ್ಲಿ ಬರೆದ ಪ್ರಕಾರ, ಸಿಪಾಯಿಯ ನುಣುಪು ಕೋವಿ 80 ಗಜದಲ್ಲಿ ಒಬ್ಬ ಮನುಷ್ಯನಿಗೆ ತಗುಲೀತು, 100 ಗಜದಲ್ಲಿಯೂ ತಗುಲಬಹುದು. 200 ಗಜಕ್ಕೆ ಗುರಿಯಿಡುವುದೂ ಚಂದ್ರನಿಗೆ ಗುರಿಯಿಡುವುದೂ ಒಂದೇ. ಅದೇ ಹ್ಯಾಂಗರನು ಗೀರುನಳಿಗೆಯ ಅಮೆರಿಕನ್ ಬೇಟೆಗಾರರನ್ನು ಹೊಗಳಿದ್ದಾನೆ. 400 ಗಜದಿಂದ ಒಬ್ಬನು ತನಗೂ ಟಾರ್ಲ್‌ಟನ್ನನಿಗೂ ಗುರಿಯಿಟ್ಟದ್ದನ್ನು ಅವನೇ ಹೇಳುತ್ತಾನೆ. ಸತ್ತದ್ದು ಮಾತ್ರ ಹಿಂದೆ ನಿಂತಿದ್ದ ಕಹಳೆಯವನ ಕುದುರೆ. ಯುದ್ಧದಲ್ಲಿ ಅದೂ ಒಂದು ಲಾಭವೆ; ಬೇಟೆಯಲ್ಲಿ ಅದನ್ನು ಏನೆಂದು ಕರೆಯಬೇಕು?

ಗುಂಡು ನೇರವಾಗಿ ಹೋದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ದುಂಡನೆಯ ವಸ್ತು ಗಾಳಿಯನ್ನು ಸೀಳುವುದರಲ್ಲಿ ಬಹಳ ಅಸಮರ್ಥ. ಸುಮಾರು ಅರ್ಧ ಅಂಗುಲದ ಸೀಸದ ಗುಂಡು 11 ಗ್ರಾಮಿಗಿಂತ ತುಸು ಹೆಚ್ಚು ತೂಗುತ್ತದೆ. ತುಂಬು ಮದ್ದಿನಿಂದ ಸೆಕೆಂಡಿಗೆ 1,900 ಅಡಿಯ ಆಸುಪಾಸಿನ ವೇಗದಲ್ಲಿ ನಳಿಗೆಯನ್ನು ಬಿಟ್ಟರೆ, 100 ಗಜ ಮುಟ್ಟುವ ವೇಳೆಗೆ ಅದರ ವೇಗ ಅರ್ಧಕ್ಕಿಂತ ತುಸು ಮೇಲಿನ ಮಟ್ಟಕ್ಕಿಳಿದಿರುತ್ತದೆ. ಶಕ್ತಿಯು ವೇಗದ ವರ್ಗವನ್ನು ಅನುಸರಿಸುವುದರಿಂದ ಉಳಿಯುವುದು ಮೂರರಲ್ಲೊಂದು ಪಾಲು. ಅಡ್ಡಗಾಳಿ ಗಂಟೆಗೆ 10 ಮೈಲಿಯಷ್ಟಿದ್ದರೂ ಸಾಕು, ಗುಂಡು ಅಷ್ಟರೊಳಗೆ ಒಂದು ಗೇಣಿಗೂ ಮೀರಿ ಪಕ್ಕಕ್ಕೆ ಸರಿಯುತ್ತದೆ. ಜಿಂಕೆಯ ಎದೆಯಲ್ಲಿ, ಶ್ವಾಸಕೋಶ ಹೃದಯಗಳಿರುವ ಎಡೆಯಲ್ಲಿ, ಒಂದೇ ಪೆಟ್ಟಿಗೆ ಬೇಗ ಸಾಯುವಂಥ ಜಾಗದ ಅಗಲವೂ ಸುಮಾರು ಒಂದು ಗೇಣೇ. ಇದಕ್ಕೆ ಚಕಮಕಿಯ ವಿಳಂಬವನ್ನು ಸೇರಿಸಿರಿ: ಕುದುರೆಯನ್ನೆಳೆದ ಮೇಲೆ ಕಿಡಿ ಬೀಳಬೇಕು, ಬಟ್ಟಲಿನ ಮದ್ದು ಹೊತ್ತಬೇಕು, ಉರಿ ಒಳಗೆ ನುಗ್ಗಬೇಕು. ಅನಂತರ ಗುಂಡು ದಾರಿಯಲ್ಲಿ ಕಳೆಯುವ ಕಾಲ ಸೆಕೆಂಡಿನ ಐದರಲ್ಲೊಂದು ಪಾಲಿಗೆ ಕಡಮೆಯಿಲ್ಲ. ಅಷ್ಟರಲ್ಲಿ ಜಿಂಕೆ ಒಂದು ಹೆಜ್ಜೆಯಿಟ್ಟರೆ ಎದೆಗಿಟ್ಟ ಗುರಿ ಹೊಟ್ಟೆಗೆ ಬೀಳುತ್ತದೆ. ಹೊಟ್ಟೆಗೆ ಬಿದ್ದ ಜಿಂಕೆ ಗಂಟೆಗಟ್ಟಲೆ ಬದುಕಿರುತ್ತದೆ. ಎರಡನೆಯ ಈಡು ಸಿದ್ಧವಾಗುವುದಕ್ಕೆ ಅರ್ಧ ನಿಮಿಷವಾದರೂ ಬೇಕು. ಮೊದಲನೆಯದರ ಹೊಗೆ ಕಣ್ಣೆದುರಿನಿಂದ ಚದುರುವಷ್ಟರಲ್ಲಿ ಪ್ರಾಣಿ ಪೊದೆಯೊಳಗೆ ಮಾಯವಾಗಿರುತ್ತದೆ.

ಈ ಕಾರಣಗಳಿಂದಲೇ ಇಂದಿಗೂ ಅಮೆರಿಕದಲ್ಲಿ ಹಳೆಯ ಕೋವಿ ಹಿಡಿದು ಬೇಟೆಗೆ ಹೋಗುವವರು (ಪೆನ್ಸಿಲ್ವೇನಿಯದಲ್ಲಿ 1974ರಿಂದ ಚಕಮಕಿ ಕೋವಿಗೆಂದೇ ಪ್ರತ್ಯೇಕ ಬೇಟೆಯ ಕಾಲವನ್ನು ಇಟ್ಟಿದ್ದಾರೆ) 50 ಗಜವನ್ನು ಒಳ್ಳೆಯ ದೂರವೆಂದೂ, 75 ಗಜವನ್ನು ಕೈ ಪಳಗಿದವನ ದೂರವೆಂದೂ, 100 ಗಜವನ್ನು ದಾಟಬಾರದ ಗಡಿಯೆಂದೂ ಎಣಿಸುತ್ತಾರೆ. ಅವರಲ್ಲಿ ವಿವೇಕಿಗಳು ಹೇಳುವ ಲೆಕ್ಕ ಇನ್ನೂ ಕಟ್ಟುನಿಟ್ಟಾದದ್ದು: ತಣ್ಣಗಿರುವ ಕೋವಿಯಿಂದ ಹಾರಿಸಿದ ಮೊದಲನೆಯ ಗುಂಡು ಪ್ರತಿಸಲವೂ ಆ ಒಂದು ಗೇಣಿನೊಳಗೆ ಬೀಳುವ ದೂರವೇ ನಿನ್ನ ದೂರ, ಕೋವಿಯ ದೂರವನ್ನು ಕೇಳಬೇಡ. ಕನ್ನಡದಲ್ಲಿ ‘ಈಡು’ ಎಂಬ ಒಂದೇ ಮಾತಿಗೆ ಕೋವಿಯ ಹೊಡೆತವೆಂದೂ ಸಾಲಕ್ಕೆ ಕೊಡುವ ಒತ್ತೆಯೆಂದೂ ಅರ್ಥವಿದೆ. ಒತ್ತೆಯ ಬೆಲೆಯಷ್ಟಕ್ಕೂ ಸಾಲ ಕೊಡದೆ ಅಂಚು ಉಳಿಸಿಕೊಳ್ಳುವುದು ನಮ್ಮ ವೃತ್ತಿಯವರ ಪಾಠ. ಆ ಅಂಚಿನ ವಿವೇಕ ಮೇಲಿನ ಲೆಕ್ಕದಲ್ಲಿಯೂ ಇದೆ ಎಂದು ತೋರಿದ್ದರಿಂದ ಈ ಶ್ಲೇಷೆಯನ್ನು ಬಿಡಲು ಮನಸ್ಸಾಗಲಿಲ್ಲ.

ಈಗ ಮತ್ತೆ ಕೂಪರನ ಕಡೆಗೆ. ಬಂಪೊನನ್ನು ಕುರಿತ ಐದು ಕಾದಂಬರಿಗಳಲ್ಲಿ ಮೊದಲು ಬರೆದದ್ದು ‘ದಿ ಪಯೊನಿಯರ್ಸ್’ (1823). ಅದರ ಮೊದಲನೆಯ ಅಧ್ಯಾಯವೇ ಒಂದು ಜಿಂಕೆಯ ಬೇಟೆ. 1793ರ ಡಿಸೆಂಬರಿನ ಹಿಮದಲ್ಲಿ ನ್ಯಾಯಾಧೀಶ ಟೆಂಪಲನು ಮಗಳೊಡನೆ ಹಿಮಬಂಡಿಯಲ್ಲಿ ಬರುತ್ತಿದ್ದಾನೆ. ಎದುರಿಗೆ ಜಿಂಕೆ ಹಾಯುತ್ತದೆ. ಹಕ್ಕಿ ಹೊಡೆಯುವ ಜೋಡುನಳಿಗೆಯ ಕೋವಿಯನ್ನೆತ್ತಿ ಅವನು ಒಮ್ಮೆ ಹಾರಿಸುತ್ತಾನೆ, ಮತ್ತೊಮ್ಮೆ ಹಾರಿಸುತ್ತಾನೆ. ಜಿಂಕೆ ಓಡುತ್ತಲೇ ಇರುತ್ತದೆ. ಆಮೇಲೆ ಕೇಳಿಸುವುದು ಬೇರೆ ಕೋವಿಗಳ ಚುರುಕಾದ ಸದ್ದು. ಜಿಂಕೆ ಮೇಲಕ್ಕೆ ನೆಗೆದು ಉರುಳುತ್ತದೆ. ಮಾಂಸ ಯಾರದೆಂಬ ಚರ್ಚೆ ಹುಟ್ಟುತ್ತದೆ. ಅಲ್ಲಿ ಬಂಪೊ ಇದ್ದಾನೆ, ಜಿಂಕೆಯನ್ನು ಕೊಂದವನು ತಾನೆಂದು ಹೇಳುವ ತರುಣನೊಬ್ಬನಿದ್ದಾನೆ. ನ್ಯಾಯಾಧೀಶನ ದಪ್ಪ ಚರೆಗಳನ್ನು ಎಣಿಸಿ ನೋಡುತ್ತಾರೆ: ನಾಲ್ಕು ಪೈನ್ ಮರದಲ್ಲಿ ನಾಟಿವೆ, ಐದನೆಯದು ತರುಣನ ಹೆಗಲಲ್ಲಿದೆ.

ಇಷ್ಟು ಅರ್ಥಗರ್ಭಿತವಾದ ಆರಂಭ ಆ ಕಾಲದ ಇಂಗ್ಲಿಷ್ ಕಾದಂಬರಿಗಳಲ್ಲಿ ಅಪರೂಪವೆಂದು ನನ್ನ ಅಭಿಪ್ರಾಯ. ಕಾನೂನನ್ನು ನಡೆಸಬೇಕಾದವನು ತನ್ನ ಕೋವಿಗೆ ಸಲ್ಲದ ಈಡನ್ನು ಹಾರಿಸಿ ಒಬ್ಬ ಮನುಷ್ಯನನ್ನು ಗಾಯಗೊಳಿಸುತ್ತಾನೆ. ಕಾಡಿನವನು ತನ್ನ ಒಂದೇ ಗುಂಡಿನ ಲೆಕ್ಕವನ್ನು ಒಪ್ಪಿಸುತ್ತಾನೆ. ನಮ್ಮ ವಾಚಕರಿಗೆ ಇಲ್ಲಿ ದಶರಥನ ನೆನಪಾಗದಿರದು. ನೀರಿನಲ್ಲಿ ಕೊಡ ಮುಳುಗುವ ಶಬ್ದಕ್ಕೆ ಬಾಣ ಬಿಟ್ಟು ಋಷಿಕುಮಾರನನ್ನು ಕೊಂದ ಆ ಅರಸನ ತಪ್ಪು ಗುರಿ ತಪ್ಪಿದ್ದಲ್ಲ. ಗುರಿ ಬಹಳ ಸರಿಯಾಗಿಯೇ ಇತ್ತು. ಕಾಣದ್ದಕ್ಕೆ ಹೊಡೆದದ್ದು ತಪ್ಪು. ಪಾಂಡುವಿನ ಕಥೆಯಲ್ಲಿ ಜಿಂಕೆ ಕಂಡಿತ್ತು. ಹೊಡೆಯಬಾರದ ಸಮಯವನ್ನು ಅವನು ನೋಡಲಿಲ್ಲ. ನಮ್ಮ ಪುರಾಣಗಳು ಬೇಟೆಯ ಧರ್ಮವನ್ನು ನೋಟದ ಧರ್ಮವಾಗಿಯೂ ಕಾಲದ ಧರ್ಮವಾಗಿಯೂ ಕಂಡಿವೆ. ದೂರವನ್ನು ಒಂದು ಧರ್ಮವಾಗಿ ಕಂಡದ್ದು ಕೂಪರನ ಹೆಚ್ಚುಗಾರಿಕೆ.

ಇದು ನಾನು ಹೊರಿಸುವ ಅರ್ಥವಲ್ಲವೆಂಬುದಕ್ಕೆ ಅದೇ ಕೃತಿಯಲ್ಲಿ ಸಾಕ್ಷಿಗಳಿವೆ. ಪಾರಿವಾಳಗಳ ಹಿಂಡು ಬಂದಾಗ ಊರವರು ಸಣ್ಣದೊಂದು ಫಿರಂಗಿಯನ್ನೇ ತಂದು ಹಾರಿಸುತ್ತಾರೆ. ಬಂಪೊ ಒಂದೇ ಗುಂಡಿನಿಂದ ಒಂದೇ ಹಕ್ಕಿಯನ್ನು ಕೆಡವಿ, ಉಳಿದವರನ್ನು ಖಂಡಿಸಿ ಹೊರಟುಹೋಗುತ್ತಾನೆ. (ಆ ಜಾತಿಯ ಪಾರಿವಾಳದ ಕೊನೆಯ ಹಕ್ಕಿ 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು.) ಕ್ರಿಸ್‌ಮಸ್ ಕಾಲದ ಟರ್ಕಿ ಕೋಳಿಯ ಸ್ಪರ್ಧೆಯಲ್ಲಿ ಬಂಪೊನ ಚಕಮಕಿ ಒಮ್ಮೆ ಹೊತ್ತದೆ ಹೋಗುತ್ತದೆ, ಹೊತ್ತದ ಈಡೂ ಈಡೇ ಎಂದು ತೀರ್ಪಾಗುತ್ತದೆ. ಪಾತ್‌ಫೈಂಡರನ ಕೋವಿ ಮೊಳೆಯನ್ನೂ ತಪ್ಪದು, ಪಯೊನಿಯರನ ಕೋವಿ ಕೈಕೊಡುತ್ತದೆ. 17 ವರ್ಷಗಳ ಅಂತರದಲ್ಲಿ ಕೂಪರನ ನಾಯಕನು ಕಿರಿಯನಾಗುತ್ತ ಬಂದ, ಕೋವಿಯು ಪವಾಡದ ಕಡೆಗೆ ಸರಿಯುತ್ತ ಹೋಯಿತು. ಟ್ವೈನನ ನಗೆ ಸಲ್ಲುವುದು ಈ ಎರಡನೆಯ ಘಟ್ಟಕ್ಕೆ.

ಜಿಂಕೆಗಳ ಮಾತೇ ಬೇರೆ. ‘ದಿ ಲಾಸ್ಟ್ ಆಫ್ ದಿ ಮೊಹಿಕನ್ಸ್’ (1826) ಕೃತಿಯಲ್ಲಿ ಕೊಂಬಿನ ತುದಿ ಮಾತ್ರ ಕಾಣುವ ಜಿಂಕೆಗೆ ಬಂಪೊ ಕೋವಿ ಎತ್ತುತ್ತಾನೆ. ಸದ್ದು ಶತ್ರುಗಳಿಗೆ ಕೇಳಿಸೀತೆಂದು ಅನ್ಕಸನು ತಡೆಯುತ್ತಾನೆ. ಆಮೇಲೆ ಅನ್ಕಸನು ಹತ್ತಿರಕ್ಕೆ ತೆವಳಿ ಹೋಗಿ ಬಾಣ ಬಿಟ್ಟು, ಮೇಲೆ ನುಗ್ಗಿದ ಪ್ರಾಣಿಯ ಕೊರಳನ್ನು ಕತ್ತಿಯಿಂದ ಕೊಯ್ದು ಮುಗಿಸುತ್ತಾನೆ. ‘ಪಯೊನಿಯರ್ಸ್’ನಲ್ಲಿ ಬಂಪೊನನ್ನು ಸೆರೆಮನೆಗೆ ಎಳೆಯುವ ಜಿಂಕೆ ಸರೋವರದಲ್ಲಿ ಈಜುತ್ತಿದ್ದದ್ದು, ಅದನ್ನೂ ಅವನು ದೋಣಿಯಿಂದ ಬಾಗಿ ಕತ್ತಿಯಿಂದಲೇ ಕೊಲ್ಲುತ್ತಾನೆ. ಕಾಲವಲ್ಲದ ಕಾಲದ ಬೇಟೆಗೆ ದಂಡ ಹನ್ನೆರಡೂವರೆ ಡಾಲರು. ಜಗತ್ಪ್ರಸಿದ್ಧ ಗುರಿಕಾರನ ಈ ಬೇಟೆಯಲ್ಲಿ ದೂರವೆಂಬುದೇ ಇಲ್ಲ! ಶಿಕಾರಿಯ ರಸವೆಲ್ಲ ಹತ್ತಿರ ಹೋಗುವುದರಲ್ಲಿದೆ. ಜಿಮ್ ಕಾರ್ಬೆಟ್ ತನ್ನ ‘ಜಂಗಲ್ ಲೋರ್’ (1953) ಗ್ರಂಥದಲ್ಲಿ ಬಾಲ್ಯದ ಕೋವಿಯನ್ನು ವರ್ಣಿಸಿದ್ದಾನೆ: ಬಾಯಿಂದ ಮದ್ದು ತುಂಬುವ ಜೋಡುನಳಿಗೆ, ಬಲಗಡೆಯದು ಕೆಲಸಕ್ಕೆ ಬಾರದ್ದು, ಮರವನ್ನೂ ನಳಿಗೆಯನ್ನೂ ಹಿತ್ತಾಳೆಯ ತಂತಿಯಿಂದ ಬಿಗಿದದ್ದು. ಅಂಥ ಕೋವಿ ಹುಡುಗನಿಗೆ ದೂರದ ಆಸೆಯನ್ನು ಕಲಿಸಲಾರದು. ನಮ್ಮ ಮಲೆನಾಡಿನ ಕೇಪಿನ ಕೋವಿಯವರ ನಡೆಯೂ ಇದೇ: ಹರುವಿನಲ್ಲಿ ಕಾದು ಕುಳಿತವನ ಹತ್ತಿರಕ್ಕೆ ಪ್ರಾಣಿ ಬರಬೇಕು. 1972ರ ವನ್ಯಜೀವಿ ಕಾಯ್ದೆಯಾದ ಮೇಲೆ ಜಿಂಕೆಯ ಬೇಟೆ ನಮ್ಮಲ್ಲಿ ಅಪರಾಧವಾಗಿದೆ, ಆದದ್ದು ಒಳ್ಳೆಯದೇ. ಆದರೆ ಕುವೆಂಪು ಅವರ ಕಾದಂಬರಿಗಳ ಬೇಟೆಯ ಪ್ರಕರಣಗಳನ್ನು ಓದುವವನಿಗೆ ಈ ಈಡಿನ ಲೆಕ್ಕ ತಿಳಿದಿದ್ದರೆ ಆ ಕಾಯುವಿಕೆಯ ಬಿಗಿ ಇನ್ನಷ್ಟು ಚೆನ್ನಾಗಿ ಅರಿವಾಗುತ್ತದೆ.

ಕೂಪರನಲ್ಲಿ ದೋಷವಿಲ್ಲವೆಂದು ನಾನು ಹೇಳುತ್ತಿಲ್ಲ. ‘ಪಾತ್‌ಫೈಂಡರ್’ನಲ್ಲಿಯೇ ಬಂಪೊ, ಒಬ್ಬ ಹೆಣ್ಣುಮಗಳಿಗೆ ತನ್ನ ಕೈಚಳಕ ತೋರಿಸುವುದಕ್ಕಾಗಿ, ಹಾರುತ್ತಿರುವ ಎರಡು ಕಡಲಹಕ್ಕಿಗಳು ಒಂದೇ ರೇಖೆಗೆ ಬರುವವರೆಗೂ ಕಾದು ಒಂದೇ ಗುಂಡಿನಿಂದ ಎರಡನ್ನೂ ಕೊಲ್ಲುತ್ತಾನೆ. ಪಾರಿವಾಳದ ಪ್ರಸಂಗದಲ್ಲಿ ಊರವರನ್ನು ಖಂಡಿಸಿದವನು ಇವನೇ ಏನು? ಟ್ವೈನನು ಹಿಡಿಯಬೇಕಾಗಿದ್ದ ನಿಜವಾದ ತಪ್ಪು ಇಲ್ಲಿದೆ: ಅಸಾಧ್ಯತೆಯಲ್ಲ, ಶೀಲಭಂಗ. ಕೂಪರನಿಗೂ ಇದು ಚುಚ್ಚಿರಬೇಕು. ಮರುವರ್ಷದ ‘ದಿ ಡೀರ್‌ಸ್ಲೇಯರ್’ನಲ್ಲಿ ಅವನು ಅದನ್ನೇ ತಿದ್ದಿ ಬರೆದಂತಿದೆ. ಆ ಕೃತಿಯ ತರುಣ ಬಂಪೊ, ಮಾಂಸವೋ ತೊಗಲೋ ಬೇಕಾಗದೆ ಕೊಂದ ಅಪವಾದ ತನ್ನ ಮೇಲಿಲ್ಲವೆಂದು ಮೊದಲೇ ಹೇಳಿಕೊಳ್ಳುತ್ತಾನೆ. ಸಂಗಡಿಗ ಹರಿ ಮಾರ್ಚನು ಸರೋವರದ ಅಂಚಿನ ಜಿಂಕೆಗೆ ದುಡುಕಿ ಹಾರಿಸಿ ತಪ್ಪುತ್ತಾನೆ, ಸದ್ದು ಬೆಟ್ಟಗಳಲ್ಲೆಲ್ಲ ಮೊಳಗುತ್ತದೆ. ಮುಂದೆ ‘ಕಿಲ್‌ಡೀರ್’ ಎಂಬ ಹೆಸರಾಂತ ಕೋವಿ ಬಂಪೊನ ಕೈಸೇರಿದಾಗ, ಅದನ್ನು ಪರೀಕ್ಷಿಸುವ ಚಪಲದಿಂದ ಬಹಳ ಎತ್ತರದಲ್ಲಿ ತೇಲುವ ಹದ್ದೊಂದನ್ನು ಅವನೇ ಕೆಡವುತ್ತಾನೆ. ಬಿದ್ದ ಹಕ್ಕಿಯನ್ನು ನೋಡಿದೊಡನೆಯೆ ಪಶ್ಚಾತ್ತಾಪ. ಶಕ್ತಿಯಿದೆಯೆಂಬ ಒಂದೇ ಕಾರಣಕ್ಕೆ ಅದನ್ನು ಬಳಸಿದೆನೆಂಬ ನೋವು. ಐದು ಕಾದಂಬರಿಗಳಲ್ಲಿ ಅತ್ಯಂತ ದೂರದ ಈಡುಗಳಲ್ಲೊಂದು ಇದು. ಅದನ್ನೇ ಕೂಪರನು ನಾಚಿಕೆಗೆ ಕಾರಣ ಮಾಡಿದ್ದಾನೆ. ಈ ಪ್ರಕರಣವನ್ನು ಓದಿಯೂ ಅವನನ್ನು ಬರಿಯ ಸಾಹಸಕಥೆಗಾರನೆನ್ನುವವರೊಡನೆ ನನಗೆ ವಾದವಿದೆ.

ಇನ್ನುಳಿದದ್ದು ‘ದಿ ಪ್ರೇರಿ’ (1827). ಅಲ್ಲಿ ಬಂಪೊಗೆ ಎಂಬತ್ತು ದಾಟಿದೆ. ಕಣ್ಣೂ ಕೈಯೂ ಮೊದಲಿನಂತಿಲ್ಲ. ಆದ್ದರಿಂದ ಬೇಟೆಯನ್ನು ಬಿಟ್ಟು ಬೋನೊಡ್ಡಿ ಜೀವಿಸುವವನಾಗಿದ್ದಾನೆ. ತನ್ನ ದೂರ ಕುಗ್ಗಿತೆಂದು ಒಪ್ಪಿಕೊಳ್ಳುವ ಈ ಪ್ರಾಮಾಣಿಕತೆಯನ್ನು ಕೂಪರನು ಕರುಣೆಯಿಂದ ಚಿತ್ರಿಸಿದ್ದಾನೆ. ಆದರೆ ಉಕ್ಕಿನ ಹಲ್ಲುಗಳಿಗೆ ಸಿಕ್ಕ ಕಾಲು, ಬೋನೊಡ್ಡಿದವನು ಬರುವವರೆಗೆ, ರಾತ್ರಿಯಿಡೀ ಅಲ್ಲಿಯೇ ಸಿಕ್ಕಿಕೊಂಡಿರುತ್ತದೆ. ಗುರಿ ತಪ್ಪಿದ ಗುಂಡಿಗಿಂತ ಅದು ಮೃದುವಲ್ಲ. ಒಂದೊಂದು ಈಡಿನ ಲೆಕ್ಕವನ್ನೂ ಕೇಳಿದ ಕೂಪರನು ಬೋನಿನ ಲೆಕ್ಕವನ್ನು ಇಡೀ ಕಾದಂಬರಿಯಲ್ಲಿ ಎಲ್ಲಿಯೂ ಕೇಳುವುದಿಲ್ಲ.