ದಾನಿ ಯಾರು, ಫಲಾನುಭವಿ ಯಾರು?

ಶಾಲೆ ಗೋಡೆಯ ಉದ್ಘಾಟನೆ ಕಲ್ಲನ್ನ ಎಲ್ಲರೂ ಓದ್ತಾರೆ. ಅದನ್ನ ಕಟ್ಟಿಸಿದ ಯೋಜನೆಯ ಮಾತನ್ನ ಯಾರೂ ಓದಲ್ಲ. ಕವಿತೆ ಓದಿದ ಹಾಗೆ ಅದನ್ನೂ ಪದಪದವಾಗಿ ಓದಬೇಕು.

1994ರಲ್ಲಿ ಶುರುವಾದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ನಮ್ಮಲ್ಲಿ ಮೊದಲು ಬಂದದ್ದು ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರಿಗೆ. ಹೆಣ್ಣುಮಕ್ಕಳ ಸಾಕ್ಷರತೆ ದೇಶದ ಸರಾಸರಿಗಿಂತ ಕಡಿಮೆ ಇದ್ದ ಜಿಲ್ಲೆಗಳನ್ನ ಆರಿಸಿದ್ದು ಸರಿಯಾದ ಕೆಲಸ, ಒಪ್ಪೋಣ. ಆದರೆ ಇಂಥ ಯೋಜನೆಗಳ ಭಾಷೆಯಲ್ಲಿ ಒಬ್ಬ 'ದಾನಿ', ಇನ್ನೊಬ್ಬ 'ಫಲಾನುಭವಿ'. ಆ ನಾಲ್ಕು ಜಿಲ್ಲೆಗಳಿಗೆ ಬಂದ ವಿಶ್ವಬ್ಯಾಂಕಿನ ಹಣ ದಾನವಲ್ಲ, ದೇಶ ತೀರಿಸಬೇಕಾದ ಸಾಲ. ಬೆಂಕಿಪೊಟ್ಟಣ, ಸೋಪು ಕೊಳ್ಳೋ ಕೂಲಿಯವಳ ತೆರಿಗೆಯೂ ಅದರಲ್ಲಿದೆ. ಸಾಲ ತೀರಿಸೋಳು ಬರೀ ಫಲಾನುಭವಿ ಹೇಗಾದಳು?

ಕಟ್ಟಡಕ್ಕೆ ಮೊದಲು ವೆಚ್ಚದ ಶೇಕಡ 24ರ ಮಿತಿ ಇತ್ತು. ಗೋಡೆಯೇ ಶಿಕ್ಷಣವಲ್ಲ ಅನ್ನೋ ವಿವೇಕ ಅದು. ಜಾಗದ ವಿಚಾರಕ್ಕೆ ಬಂದರೆ, 300 ಜನರ ವಸತಿಗೆ 1 ಕಿಲೋಮೀಟರಿನೊಳಗೆ ಶಾಲೆ ಅನ್ನೋದು ಆಗ ಸರ್ಕಾರದ ಅಳತೆಯಾಗಿತ್ತು. ಆ ಟೇಪು ದೂರ ಅಳೀತದೆ, ಊರಿಗೂ ಕೇರಿಗೂ ನಡುವಿನ ಅಂತರ ಅಳೆಯಲ್ಲ. ಗುಡಿ ಪಕ್ಕ ಪಾಯ ತೋಡಿದರೆ ನಕ್ಷೆಯಲ್ಲಿ ನೂರು ಮಾರು. ಕೇರಿಯ ಕೂಸು ದಾಟಬೇಕಾದ್ದು ನೂರು ಕಣ್ಣು.

ಈಗ 2009ರ ಶಿಕ್ಷಣ ಹಕ್ಕು ಕಾಯ್ದೆ ಇದೆ. ಸರ್ಕಾರಿ ಶಾಲೆಯ ಸಮಿತಿಯಲ್ಲಿ ಮುಕ್ಕಾಲು ಪಾಲು ತಂದೆತಾಯಿಗಳು, ಅವರಲ್ಲಿ ನಮ್ಮವರಿಗೂ ಪ್ರಮಾಣಕ್ಕೆ ತಕ್ಕ ಸ್ಥಾನ. ಶಾಲೆಯ ಅಭಿವೃದ್ಧಿ ಯೋಜನೆ ಬರೆಯಬೇಕಾದ್ದು ಆ ಸಮಿತಿಯೇ. ಮೇಷ್ಟ್ರೇ, ಹೆಬ್ಬೆಟ್ಟು ಒತ್ತಿಸಿಕೊಳ್ಳೋ ಮುಂಚೆ ಆ ಕಾಗದವನ್ನ ಕೇರಿಯಲ್ಲಿ ಗಟ್ಟಿಯಾಗಿ ಓದಿ. ಹೊಸ ಕೋಣೆ ಎಲ್ಲಿ ಏಳಬೇಕು ಅಂತ ಅವರನ್ನೇ ಕೇಳಿ.